ಟ್ವೀಡ್ ನದಿಯ ಎರಡು ದಡ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಮ್ಮ ಸೈಕಲ್ ಪ್ರವಾಸಕ್ಕೆಂದು ನೀನು ಗೆರೆ ಎಳೆದು ಕಳಿಸಿದ ನಕ್ಷೆಯನ್ನು ಎರಡು ರಾತ್ರಿ ಮುಂದೆ ಹರಡಿಕೊಂಡು ಕುಳಿತಿದ್ದೆ. ಪೀಬಲ್ಸ್‌ನಿಂದ ಟ್ವೀಡ್ ನದಿಯ ಜೊತೆಗೇ ಇಳಿದು, ಮೆಲ್ರೋಸ್, ಕೆಲ್ಸೋ, ಕೋಲ್ಡ್‌ಸ್ಟ್ರೀಮ್ ಊರುಗಳನ್ನು ದಾಟಿ ಬೆರಿಕ್‌ನಲ್ಲಿ ಸಮುದ್ರ ಮುಟ್ಟುವುದು, ಆಮೇಲೆ ಎರಡು ದಿನ ಚೀವಿಯಟ್ ಬೆಟ್ಟಗಳಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಗಡಿಯನ್ನು ಎರಡು ಬಾರಿ ದಾಟುವುದು ಎಂಬ ನಿನ್ನ ಯೋಜನೆ ನನಗೆ ಬಹಳ ಹಿಡಿಸಿತು. ನದಿಯ ಉತ್ತರ ದಡದಲ್ಲಿ ನೀನು ಎಳೆದ ಗೆರೆಯನ್ನು ಹಾಗೆಯೇ ಬಿಟ್ಟಿದ್ದೇನೆ. ದಕ್ಷಿಣ ದಡದಲ್ಲಿ ಮಾತ್ರ ಮೂರು ಕಡೆ ಅಳಿಸಿದ್ದೇನೆ. ಅಲ್ಲಿನ ದಾರಿ ಕೆಟ್ಟದ್ದೆಂದಲ್ಲ, ಅಲ್ಲಿ ಸೈಕಲ್ ಓಡಿಸಲು ನಮಗೆ ಹಕ್ಕಿಲ್ಲ.

ಟ್ವೀಡ್ ನದಿಯ ಒಟ್ಟು ಉದ್ದ ಸುಮಾರು 156 ಕಿಲೋಮೀಟರ್. ಅದರಲ್ಲಿ ಕಾರಮ್ ಹಳ್ಳಿಯಿಂದ ಕೆಳಕ್ಕೆ ಹಾರ್ನ್‌ಕ್ಲಿಫ್‌ವರೆಗಿನ ಸುಮಾರು 27 ಕಿಲೋಮೀಟರ್ ಎರಡು ನಾಡುಗಳ ಗಡಿಯಾಗಿ ಹರಿಯುತ್ತದೆ: ಉತ್ತರ ದಡ ಸ್ಕಾಟ್ಲೆಂಡ್, ದಕ್ಷಿಣ ದಡ ಇಂಗ್ಲೆಂಡ್. ಅಲ್ಲಿ ಬೇಲಿಯಿಲ್ಲ, ಕಾವಲಿಲ್ಲ, ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಆದರೂ ಸೇತುವೆಯ ನಡುವಿನಲ್ಲಿ ನಿನ್ನ ಮುಂದಿನ ಗಾಲಿ ಗಡಿ ದಾಟಿದ ಕ್ಷಣದಲ್ಲಿ ದಾರಿಯ ಕಾನೂನು ಬದಲಾಗುತ್ತದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೇ ಆಗಲಿ, ಮನೆಯಂಗಳ ಮತ್ತು ಬೆಳೆ ನಿಂತ ಹೊಲದಂಥ ಕೆಲವು ಜಾಗಗಳನ್ನು ಬಿಟ್ಟು, ಬಹುಪಾಲು ನೆಲದ ಮೇಲೆ ಕಾಲ್ನಡಿಗೆಯಲ್ಲಿಯೋ ಸೈಕಲ್ಲಿನಲ್ಲಿಯೋ ಕುದುರೆಯ ಮೇಲೋ ಸಾಗಬಹುದು. ಇಂಗ್ಲೆಂಡಿನಲ್ಲಿ ಹಾಗಿಲ್ಲ, ಹಕ್ಕು ಇರುವುದು ನೆಲಕ್ಕಲ್ಲ, ದಾರಿಗೆ. ಕಾಲುದಾರಿ ಎಂದು ದಾಖಲಾಗಿದ್ದರೆ ಅದು ನಡೆಯುವವರದು. ಬ್ರೈಡಲ್‌ವೇ ಎಂಬ ಕುದುರೆದಾರಿಗಳಲ್ಲಿ ಸೈಕಲ್ಲಿಗೆ ಅವಕಾಶ ಸಿಕ್ಕಿದ್ದು 1968ರ ಗ್ರಾಮಾಂತರ ಕಾಯ್ದೆಯಿಂದ. ಅದೂ ಒಂದು ಕರಾರಿನ ಮೇಲೆ: ನಡೆಯುವವರಿಗೂ ಕುದುರೆ ಸವಾರರಿಗೂ ನಾವು ದಾರಿ ಬಿಟ್ಟುಕೊಡಬೇಕು.

ಇದನ್ನು ನಾನು ಮೊದಲ ವರ್ಷವೇ ಕಲಿಯಬೇಕಿತ್ತು. ಉತ್ತರ ದಡದಲ್ಲಿ ಇಡೀ ಬೇಸಗೆ ಎಲ್ಲೆಂದರಲ್ಲಿ ಓಡಾಡಿದ ಅಭ್ಯಾಸದಲ್ಲಿ ಸೇತುವೆ ದಾಟಿ, ನದಿಯಂಚಿನ ಹುಲ್ಲುದಾರಿಯಲ್ಲಿ ನಾಲ್ಕು ಕಿಲೋಮೀಟರ್ ಹೋಗಿಬಿಟ್ಟಿದ್ದೆ. ಆ ಹೊಲದ ರೈತರು ನನ್ನನ್ನು ತಡೆದು, ದನಿ ಏರಿಸದೆ, ಗೇಟಿನ ಕಂಬದ ಮೇಲಿದ್ದ ಹಳದಿ ಬಾಣವನ್ನು ತೋರಿಸಿದರು. ಹಳದಿ ಎಂದರೆ ಕಾಲುದಾರಿ, ನೀಲಿ ಎಂದರೆ ಕುದುರೆದಾರಿ. ನಾನು ಸೈಕಲ್ಲಿನಿಂದ ಇಳಿದು ಅಷ್ಟೂ ದೂರ ತಳ್ಳಿಕೊಂಡು ಹಿಂದಿರುಗಿದೆ. ಆಗ ಆದ ಸಂಕೋಚ ಇಂದಿಗೂ ನೆನಪಿದೆ. ಅಂದಿನಿಂದ ಎತ್ತರದ ಗೆರೆಗಳನ್ನು ನೋಡುವ ಮೊದಲು ದಾರಿಯ ಗೆರೆಗಳನ್ನು ನೋಡುತ್ತೇನೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ಪ್ರಮಾಣದ ನಕ್ಷೆಯಲ್ಲಿ ಇಂಗ್ಲೆಂಡಿನ ಕಾಲುದಾರಿಗಳು ಚಿಕ್ಕ ಹಸಿರು ಗೀಟುಗಳಾಗಿಯೂ ಕುದುರೆದಾರಿಗಳು ಉದ್ದನೆಯ ಹಸಿರು ಗೀಟುಗಳಾಗಿಯೂ ಕಾಣುತ್ತವೆ. ಅದೇ ಹಾಳೆಯಲ್ಲಿ ಸ್ಕಾಟ್ಲೆಂಡಿನ ಭಾಗಕ್ಕೆ ಬಂದರೆ ಈ ಹಸಿರು ಗೀಟುಗಳು ಗಡಿಯಲ್ಲಿಯೇ ನಿಂತುಹೋಗುತ್ತವೆ. ನೀನು ಬಹುಶಃ ಗೀಟುಗಳ ಉದ್ದವನ್ನು ಗಮನಿಸಿಲ್ಲ; ಕಂಪ್ಯೂಟರಿನ ಪರದೆಯ ಮೇಲೆ ಅವು ಒಂದೇ ರೀತಿ ಕಾಣುತ್ತವೆ.

ಈ ನದಿಯ ಮೀನಿಗೆ ಮಾತ್ರ ಎರಡು ಕಾನೂನಿಲ್ಲ. ಟ್ವೀಡ್ ಸಾಮನ್ ಮೀನಿಗೆ ಹೆಸರಾದ ನದಿ. ಇಂಗ್ಲೆಂಡಿನೊಳಗಿನ ಭಾಗವೂ ಸೇರಿ ಇಡೀ ನದಿಯ ಮೀನುಗಾರಿಕೆಗೆ 2006ರ ಆದೇಶವೊಂದರ ಮೂಲಕ ಒಂದೇ ನಿಯಮಾವಳಿ ಇದೆ. ಸಾಮನ್‌ಗೆ ಫೆಬ್ರವರಿ 1ರಿಂದ ನವೆಂಬರ್ 30ರವರೆಗೆ ಗಾಳ ಹಾಕಬಹುದು, ಭಾನುವಾರ ಹಾಕುವಂತಿಲ್ಲ. ಮೀನಿಗಾಗಿ ಆಗಿದ್ದು ದಾರಿಗಾಗಿ ಏಕೆ ಆಗಬಾರದು ಎಂದು ನಾನು ಆ ದಡದಲ್ಲಿ ಎಷ್ಟೋ ಬಾರಿ ಯೋಚಿಸಿದ್ದೇನೆ. ಭಾನುವಾರದ ನಿಯಮ ನಮಗೂ ಉಪಯೋಗಕ್ಕೆ ಬರುತ್ತದೆ. ನದಿಗೆ ತೀರ ಹತ್ತಿರದ ದಾರಿಗಳನ್ನು ಆ ದಿನಕ್ಕೆ ಇಟ್ಟುಕೊಂಡರೆ, ಸೊಂಟಮಟ್ಟದ ನೀರಿನಲ್ಲಿ ನಿಂತು ಗಂಟೆಗಟ್ಟಲೆ ಕಾಯುವವರ ಏಕಾಂತವನ್ನು ನಾವು ಕೆಡಿಸಿದಂತಾಗುವುದಿಲ್ಲ.

ಇನ್ನು ಆರಂಭದ ವಿಷಯ. ನೀನು ಪೀಬಲ್ಸ್‌ನಿಂದ ಹೊರಡುವೆನೆಂದು ಬರೆದಿದ್ದೀಯೆ, ಆದರೆ ಅಲ್ಲಿಗೆ ರೈಲಿಲ್ಲ. ಆ ಮಾರ್ಗ 1962ರಲ್ಲಿಯೇ ಮುಚ್ಚಿತು. ಎಡಿನ್‌ಬರೋದಿಂದ ಮೆಲ್ರೋಸ್ ಪಕ್ಕದ ಟ್ವೀಡ್‌ಬ್ಯಾಂಕ್‌ವರೆಗೆ ಮಾತ್ರ ಈಗ ರೈಲಿದೆ. 1969ರಲ್ಲಿ ನಿಂತುಹೋಗಿದ್ದ ಹಳೆಯ ಮಾರ್ಗದ ಒಂದು ಭಾಗವನ್ನು ಮತ್ತೆ ಕಟ್ಟಿ 2015ರ ಸೆಪ್ಟೆಂಬರಿನಲ್ಲಿ ತೆರೆದರು. ಆದ್ದರಿಂದ ಮೊದಲ ದಿನ ಟ್ವೀಡ್‌ಬ್ಯಾಂಕ್‌ನಲ್ಲಿ ಇಳಿದು ನದಿಗೆ ಎದುರಾಗಿ, ಅಂದರೆ ಪಶ್ಚಿಮಕ್ಕೆ ಹೊರಡೋಣ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದಲೇ ಬೀಸುವುದರಿಂದ ಆ ದಿನ ಎದುರುಗಾಳಿಯ ಕಷ್ಟ ಇದ್ದೇ ಇದೆ. ಅದರ ಪ್ರತಿಫಲವಾಗಿ ಮುಂದಿನ ದಿನಗಳಲ್ಲಿ ಸಮುದ್ರದವರೆಗೂ ಗಾಳಿ ಬೆನ್ನಿಗಿರುತ್ತದೆ.

ಮೊದಲ ದಿನದ ಏರು ಯೇರ್ ಸೇತುವೆಯಿಂದ ತ್ರೀ ಬ್ರೆದ್ರನ್ ಗುಡ್ಡಕ್ಕೆ. 464 ಮೀಟರ್ ಎತ್ತರದ ಆ ನೆತ್ತಿಯಲ್ಲಿ ಆಳೆತ್ತರಕ್ಕೂ ಮಿಗಿಲಾದ ಮೂರು ಕಲ್ಲುಗೋಪುರಗಳಿವೆ. ಮೂರು ಜಹಗೀರುಗಳ ಎಲ್ಲೆ ಕೂಡುವ ಜಾಗದ ಗುರುತು ಅವು. ಅಲ್ಲಿಂದ ಬೆಟ್ಟದ ಏಣಿನ ಮೇಲೆಯೇ ಸಾಗುವ ಹಳೆಯ ದಾರಿ ಬ್ರೌನ್ ನೋ ದಿಬ್ಬವನ್ನು ಹತ್ತಿಳಿದು 567 ಮೀಟರಿನ ಮಿಂಚ್ ಮೂರ್ ಭುಜಕ್ಕೆ ತಲುಪುತ್ತದೆ. ಹಿಂದೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ದಾರಿಯಿದು. 1645ರಲ್ಲಿ ಫಿಲಿಪ್‌ಹಾ ಕಾಳಗದಲ್ಲಿ ಸೋತ, ರಾಜನ ಪಕ್ಷದ ಸೇನಾನಿ ಮಾಂಟ್ರೋಸ್ ಓಡಿಹೋದದ್ದೂ ಇದರಲ್ಲಿಯೇ. ನೆತ್ತಿಯ ಆಚೆ ದಾರಿಬದಿಯಲ್ಲಿ ಚೀಸ್ ವೆಲ್ ಎಂಬ ಪುಟ್ಟ ಒರತೆಯಿದೆ. ಬೆಟ್ಟದ ಯಕ್ಷಿಣಿಯರಿಗೆಂದು ದಾರಿಹೋಕರು ಅಲ್ಲಿ ಚೀಸಿನ ತುಣುಕನ್ನು ಇಟ್ಟು ಮುಂದೆ ಹೋಗುತ್ತಿದ್ದರಂತೆ. ಆಮೇಲೆ ಟ್ರಕ್ವೇರ್‌ವರೆಗೆ ನೇರ ಇಳಿಜಾರು. ಜಲ್ಲಿಕಲ್ಲು ಸಡಿಲವಾಗಿರುವುದರಿಂದ ಮುಂದಿನ ಬ್ರೇಕನ್ನು ಅದುಮದೆ, ಪೆಡಲ್ ಮೇಲೆ ಎದ್ದು ನಿಂತು, ಮೈಯ ಭಾರವನ್ನು ಹಿಂದಕ್ಕೆ ಇಟ್ಟುಕೊಂಡು ಇಳಿಯಬೇಕು. ನಡೆಯುವವರು ಎದುರಾದರೆ ನಿಲ್ಲಬೇಕು. ಹಕ್ಕು ಎಲ್ಲರದೂ ಆದ ಕಡೆ ನಿಲ್ಲುವ ಹೊಣೆ ವೇಗವಾಗಿ ಬರುವವನದು.

ಗ್ಲೆಂಟ್ರೆಸ್ ಕಾಡಿನ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. 2023ರ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಷಿಪ್‌ನ ಬೆಟ್ಟದ ಸೈಕಲ್ ಕ್ರಾಸ್ ಕಂಟ್ರಿ ಪಂದ್ಯ ನಡೆದದ್ದು ಅಲ್ಲಿಯೇ. ಟಾಮ್ ಪಿಡ್‌ಕಾಕ್ ಗೆದ್ದ ಓಟವನ್ನು ನಾವಿಬ್ಬರೂ ನೋಡಿದ್ದೇವೆ. ಸೈಕಲ್ಲಿಗೆಂದೇ ಮಾಡಿದ, ನೀಲಿ, ಕೆಂಪು, ಕಪ್ಪು ಎಂದು ಕಷ್ಟದ ಮಟ್ಟ ಗುರುತಿಸಿದ ದಾರಿಗಳು ಅಲ್ಲಿವೆ. ಅರ್ಧ ದಿನ ಅಲ್ಲಿ ಕಳೆದು, ಪೀಬಲ್ಸ್‌ನಿಂದ ಇನ್ನರ್‌ಲೀದನ್‌ಗೆ ಹಳೆಯ ರೈಲುದಾರಿಯ ಮೇಲೆ ಮಾಡಿರುವ ಸಮತಟ್ಟಾದ ಹಾದಿಯಲ್ಲಿ ನದಿಯ ಪಕ್ಕದಲ್ಲಿಯೇ ಹಿಂದಿರುಗಿದರೆ ಕಾಲಿಗೂ ವಿಶ್ರಾಂತಿ ಸಿಗುತ್ತದೆ. ಮೆಲ್ರೋಸ್ ಬಳಿಯ ಐಲ್ಡನ್ ಬೆಟ್ಟಗಳ ನೆತ್ತಿಗೆ ನೀನು ಗೆರೆ ಎಳೆದಿದ್ದೀಯೆ. ಅಲ್ಲಿ ಹಕ್ಕಿದೆ, ಆದರೂ ಬೇಡ. ಮಳೆ ಮತ್ತು ಕಾಲ್ತುಳಿತಕ್ಕೆ ಆ ಕಡಿದಾದ ದಾರಿಗಳು ಈಗಾಗಲೇ ಕೊರೆದು ಹೋಗಿವೆ. ತಪ್ಪಲಿನಲ್ಲಿ ಸುತ್ತಿಕೊಂಡು, ರೋಮನ್ನರು ಮೂರು ಬೆಟ್ಟಗಳ ಹೆಸರಿನಲ್ಲಿಯೇ ಟ್ರೈಮಾಂಟಿಯಮ್ ಎಂದು ಕರೆದ ಕೋಟೆಯಿದ್ದ ನ್ಯೂಸ್ಟೆಡ್ ಮೂಲಕ ಹೋಗೋಣ.

ಕೆಲ್ಸೋದಲ್ಲಿ ಟೀವಿಯಟ್ ನದಿ ಬಂದು ಕೂಡಿದ ಮೇಲೆ ಟ್ವೀಡ್ ಅಗಲವಾಗಿ, ನಿಧಾನವಾಗಿ, ಹೊಲಗಳ ನಡುವೆ ಬಾಗುತ್ತ ಹರಿಯುತ್ತದೆ. ಅಲ್ಲಿ ಬೆಟ್ಟದ ಸವಾರಿಯ ರೋಚಕತೆ ಇಲ್ಲ. ಆ ದಿನ ಬೇಡವೆಂದು ನೀನು ಹೇಳಬಹುದು, ಆದರೂ ಯೂನಿಯನ್ ಸೇತುವೆಗಾಗಿ ಅದನ್ನು ಉಳಿಸಿಕೊಳ್ಳೋಣ ಎಂದು ಕೇಳಿಕೊಳ್ಳುತ್ತೇನೆ. ನೌಕಾಪಡೆಯ ಕ್ಯಾಪ್ಟನ್ ಸ್ಯಾಮ್ಯುಯೆಲ್ ಬ್ರೌನ್ ಕಬ್ಬಿಣದ ಸರಪಳಿಗಳಿಂದ ತೂಗುಹಾಕಿ 1820ರಲ್ಲಿ ಮುಗಿಸಿದ, ಸುಮಾರು 137 ಮೀಟರ್ ಉದ್ದದ ಆ ತೂಗುಸೇತುವೆ, ವಾಹನಗಳು ಇಂದಿಗೂ ಓಡಾಡುವ ತೂಗುಸೇತುವೆಗಳಲ್ಲಿ ಅತ್ಯಂತ ಹಳೆಯದು. ದೊಡ್ಡ ದುರಸ್ತಿಯ ನಂತರ 2023ರಲ್ಲಿ ಮತ್ತೆ ತೆರೆದಿದೆ. ಅದರ ನಡುಮಧ್ಯದಲ್ಲಿ ನಿಂತರೆ ಕಾಲಡಿಯಲ್ಲಿ ಹರಿಯುವ ನೀರೇ ಗಡಿ. ಅಂಥ ಜಾಗ ಇಡೀ ದಾರಿಯಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಕಾಯುತ್ತಿರುವುದು ಕೊನೆಯ ಎರಡು ದಿನಗಳಿಗೆ. ಕರ್ಕ್ ಯೆಟಮ್ ಹಳ್ಳಿಯಿಂದ ಬೋಮಂಟ್ ತೊರೆಯ ಜೊತೆ ಮೇಲಕ್ಕೆ ಹೋದರೆ ಕಾಕ್ಲಾಫುಟ್ ಎಂಬಲ್ಲಿ ಟಾರು ಮುಗಿದು ಕ್ಲೆನೆಲ್ ಸ್ಟ್ರೀಟ್ ಆರಂಭವಾಗುತ್ತದೆ. ಹೆಸರಿನಲ್ಲಿ ಸ್ಟ್ರೀಟ್ ಇದ್ದರೂ ಅದು ಬೀದಿಯಲ್ಲ. ಸ್ಕಾಟ್ಲೆಂಡಿನ ದನಗಳನ್ನು ಇಂಗ್ಲೆಂಡಿನ ಸಂತೆಗಳಿಗೆ ನಡೆಸುತ್ತಿದ್ದ ಹಸಿರು ಹಾದಿ. ದನದ ಗೊರಸಿಗೆ ಅನುಕೂಲವಾಗಿ ಏರು ನಿಧಾನವಾಗಿರುವುದರಿಂದ ನಮ್ಮ ಗೇರುಗಳಿಗೂ ಅದು ಅನುಕೂಲವೇ. ಬೆಟ್ಟದ ಏಣಿನ ಮೇಲೆ, ಗಡಿಯ ಬೇಲಿಯಲ್ಲಿ, ಒಂದು ಗೇಟು ಮಾತ್ರ ಇದೆ. 1603ರಲ್ಲಿ ಎರಡು ರಾಜಕಿರೀಟಗಳು ಒಂದಾಗುವ ಮೊದಲು, ಗಡಿಯ ಆಚೀಚಿನ ದನಗಳ್ಳರ ವ್ಯಾಜ್ಯ ತೀರಿಸಲು ಎರಡೂ ಕಡೆಯ ಗಡಿಪಾಲಕರು ಕೂಡುತ್ತಿದ್ದ ತಾಣಗಳಲ್ಲಿ ಇದೂ ಒಂದು. ಅಲ್ಲಿ ಅಡ್ಡಹಾಯುವ ಪೆನೈನ್ ವೇ ಬಹುಪಾಲು ನಡೆಯುವವರ ದಾರಿ. ಅದರ ಕಲ್ಲುಹಾಸು ಎಷ್ಟೇ ಆಸೆ ಹುಟ್ಟಿಸಿದರೂ ನಾವು ಅತ್ತ ತಿರುಗದೆ, ಗೇಟು ಮುಚ್ಚಿಕೊಂಡು, ಕೋಕೆಟ್ ಕಣಿವೆಯ ಆಲ್ವಿಂಟನ್‌ಗೆ ಇಳಿಯೋಣ. ಮರುದಿನ ಕೋಕೆಟ್ ನದಿಯ ಪಕ್ಕದ ಕಿರಿದಾದ ರಸ್ತೆಯಲ್ಲಿ ಮೇಲಕ್ಕೆ ಹೋಗಿ, ರೋಹೋಪ್ ತೊರೆ ಕೂಡುವಲ್ಲಿಂದ ದ ಸ್ಟ್ರೀಟ್ ಎಂದೇ ಹೆಸರಿರುವ ಇನ್ನೊಂದು ದನದಾರಿಯಲ್ಲಿ ಗಡಿ ಹತ್ತಿ, ಹೌನಮ್ ಕಡೆಗೆ ಇಳಿದರೆ ಸುತ್ತು ಪೂರ್ಣವಾಗುತ್ತದೆ.

ಕೋಕೆಟ್‌ನ ಇನ್ನೂ ಮೇಲಿನ ಭಾಗ ಆಟರ್‌ಬರ್ನ್ ಸೇನಾ ತರಬೇತಿ ಪ್ರದೇಶಕ್ಕೆ ಸೇರಿದ್ದು. ಕೆಂಪು ಬಾವುಟ ಹಾರುತ್ತಿದ್ದರೆ ಗುಂಡು ಹಾರಿಸುತ್ತಿದ್ದಾರೆ ಎಂದರ್ಥ, ಒಳಗೆ ಹೋಗುವಂತಿಲ್ಲ. ರೋಮನ್ನರ ಡೀರ್ ಸ್ಟ್ರೀಟ್ ಮೇಲೆ ಹೋಗುವ ನಿನ್ನ ಆಸೆಯನ್ನು ಗುಂಡಿನ ಅಭ್ಯಾಸದ ವೇಳಾಪಟ್ಟಿ ನೋಡಿ ನಿರ್ಧರಿಸೋಣ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಟ್ಟದ ಕುರಿಗಳು ಮರಿ ಹಾಕುತ್ತವೆ. ತಾಯಿಯೂ ಮರಿಯೂ ಬೆದರಿ ಬೇರೆಯಾಗುವ ಕಾಲವದು. ಆದ್ದರಿಂದ ಜೂನ್ ಎರಡನೆಯ ವಾರಕ್ಕಿಂತ ಮುಂಚೆ ಬೇಡ. ಆಗ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಟೈರು 2.3 ಇಂಚಿನದಾದರೆ ಸಾಕು, ಟ್ಯೂಬ್‌ಲೆಸ್ ಆದರೆ ಇನ್ನೂ ಒಳ್ಳೆಯದು. ಮುಳ್ಳುಬೇಲಿ ಕತ್ತರಿಸಿದ ಮೇಲೆ ಹಳ್ಳಿದಾರಿಗಳ ತುಂಬ ಮುಳ್ಳು ಬಿದ್ದಿರುತ್ತದೆ. ಮಡ್‌ಗಾರ್ಡ್ ತಪ್ಪದೆ ತಾ. ಟ್ವೀಡ್‌ಬ್ಯಾಂಕ್ ರೈಲಿನಲ್ಲಿ ಸೈಕಲ್ಲಿಗೆ ಜಾಗ ಕಡಿಮೆ, ಹಾಗಾಗಿ ಬೆಳಗಿನ ಮೊದಲ ಗಾಡಿಗಳಲ್ಲೊಂದನ್ನು ಹಿಡಿಯಬೇಕು. ತಿದ್ದಿದ ನಕ್ಷೆಯನ್ನು ಇದರ ಜೊತೆಗೆ ಕಳಿಸಿದ್ದೇನೆ. ಅಳಿಸಿದ ಮೂರು ಕಡೆಯೂ ಕುದುರೆದಾರಿಯನ್ನು ನೀಲಿ ಶಾಯಿಯಲ್ಲಿ ತೋರಿಸಿದ್ದೇನೆ. ಒಟ್ಟು ದೂರ ಸ್ವಲ್ಪ ಹೆಚ್ಚಾಗಿದೆ; ಆಗಬಹುದೇ ಎಂದು ನೋಡಿ ದಿನಾಂಕ ತಿಳಿಸು.

ನಿನ್ನ ಪ್ರೀತಿಯ ಗೆಳೆಯ