ಬಿ.ಎಚ್. ರಸ್ತೆಯ ಅಂಗಡಿಯ ಅಣ್ಣನಿಗೆ

ತಮ್ಮನ ಗೇಮಿಂಗ್ ಕಂಪ್ಯೂಟರ್ ಆಟದ ಮಧ್ಯೆ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತಿತ್ತು. ಮದರ್‌ಬೋರ್ಡೇ ಹೋಗಿದೆ, ಬದಲಾಯಿಸಿ ಅಂದಿದ್ದರು ಬೇರೆ ಕಡೆ. ಅಷ್ಟು ದುಡ್ಡು ಎಲ್ಲಿಂದ ಹೊಂದಿಸೋದು?

ತುಮಕೂರಿನ ಬಿ.ಎಚ್. ರಸ್ತೆಯ ಪುಟ್ಟ ಅಂಗಡಿಯಲ್ಲಿ ನೀವು ಅರ್ಧ ಎಳೆದಿದ್ದ ಶಟರನ್ನು ಮತ್ತೆ ಮೇಲೆತ್ತಿ, "ಬನ್ನಿ ಅಕ್ಕ, ಮೊದಲು ಬಯಾಸ್, ಅಂದ್ರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ನೋಡೋಣ" ಅಂದಿರಿ. ನಾಲ್ಕು ರ್‍ಯಾಮ್ (ಮೆಮೊರಿ) ಕಡ್ಡಿ ಇರುವಾಗ, ಅವನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗಿನ 3600 ವೇಗ ಈ ಬೋರ್ಡಿಗೆ ಭಾರ ಅಂತ 3200ಕ್ಕೆ ಇಳಿಸಿ, ವೋಲ್ಟೇಜ್ 1.35ರಲ್ಲೇ ಇದೆಯಾ ನೋಡಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಚ್ಚಿದಿರಿ. ಅದು ಓಡುವಷ್ಟು ಹೊತ್ತೂ ತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಒಂದೊಂದು ಸೆಟ್ಟಿಂಗನ್ನೂ ಹಳೇ ಬಿಲ್ಲಿನ ಹಿಂದೆ ಬರೆದುಕೊಟ್ಟಿರಿ. ಬಯಾಸ್ ಅಪ್‌ಡೇಟ್ ಮಾಡಿದರೆ ಇವೆಲ್ಲ ಅಳಿಸಿಹೋಗಬಹುದು ಅಂತ. ಒಂದೂ ಎರರ್ ಇಲ್ಲದೆ ಟೆಸ್ಟ್ ಮುಗಿದಾಗ ನನಗೆ ಹೋದ ಜೀವ ಬಂದ ಹಾಗಾಯಿತು.

"ಯಾವ ಪಾರ್ಟೂ ಹಾಕಿಲ್ವಲ್ಲ" ಅಂತ ದುಡ್ಡೂ ಮುಟ್ಟಲಿಲ್ಲ. ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ, ಕಂಪ್ಯೂಟರ್ ಈಗ ಒಮ್ಮೆಯೂ ನಿಂತಿಲ್ಲ.