ಸಂಕ ದಾಟುವ ಲೆಕ್ಕ

ಈ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ನಮ್ಮ ಕನ್ನಡ ಕೂಟದ ಹುಡುಗಿಯೊಬ್ಬಳೂ ರಜಕ್ಕೆ ಅಲ್ಲಿಗೇ ಬಂದಿದ್ದಳು. ಅವಳ ಅಜ್ಜಿ ಮನೆ ನಮ್ಮ ತೋಟದಿಂದ ಹಳ್ಳದ ಸಂಕ, ಅಂದರೆ ಕಾಲುಸೇತುವೆ, ದಾಟಿದರೆ ಸಿಗುತ್ತದೆ. ಪಿಎಚ್‌ಡಿ ಮುಗಿಸಿ ಈಗ ಪೋಸ್ಟ್‌ಡಾಕ್, ಅಂದರೆ ತಾತ್ಕಾಲಿಕ ಸಂಶೋಧನೆ ಕೆಲಸ, ಮಾಡುತ್ತಿದ್ದಾಳೆ. ತಲೆಗೆ ಪೆಟ್ಟಾದವರು ಹೇಗೆ ನಡೆಯುತ್ತಾರೆ ಅಂತ ನೋಡುವುದು ಅವಳ ಕೆಲಸ.

"ನಡೆಯೋದನ್ನ ನೋಡೋಕೂ ಸಂಬಳ ಕೊಡ್ತಾರೇನೇ?" ಅಂದರು ಅಜ್ಜಿ.

ಕೊಡುತ್ತಾರೆ. ಮುಂದಿನ ವರ್ಷವೂ ಕೊಡುತ್ತಾರಾ ಅನ್ನುವ ತಲೆಬಿಸಿಯೂ ಅದರ ಜೊತೆಗೇ ಬರುತ್ತದೆ.

ಕಣ್ಣು, ಒಳಕಿವಿ, ಪಾದ ಕಳಿಸುವ ಸುದ್ದಿಯನ್ನೆಲ್ಲ ಹೊಂದಿಸಿಕೊಂಡೇ ಮೆದುಳು ನಮ್ಮನ್ನು ನಡೆಸುತ್ತದೆ. ಕನ್‌ಕಶನ್, ಅಂದರೆ ಪೆಟ್ಟಿಗೆ ಮೆದುಳು ಅಲುಗಿ ಅದರ ಕೆಲಸ ಏರುಪೇರಾದಾಗ, ಈ ಹೊಂದಿಕೆ ತಪ್ಪಬಹುದು. ಪೆಟ್ಟು ತಲೆಗೇ ಬೀಳಬೇಕೆಂದಿಲ್ಲ, ಮೈಗೆ ಗುದ್ದಿ ತಲೆ ಜೋರಾಗಿ ಕುಲುಕಿದರೂ ಸಾಕು. ಹೆಚ್ಚಿನವರಿಗೆ ಎಚ್ಚರ ತಪ್ಪುವುದೇ ಇಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ, ಅದು ಹುಡುಕುವುದು ರಕ್ತಸ್ರಾವ, ಮೂಳೆ ಬಿರುಕು ಇಂಥವನ್ನು. ನಾನು ಚಿಕ್ಕವನಿದ್ದಾಗ ಹಲಸಿನ ಮರದಿಂದ ಬಿದ್ದಿದ್ದೆ. ಎಚ್ಚರ ಇತ್ತಲ್ಲ ಅಂತ ಮರುದಿನವೇ ಶಾಲೆಗೆ ಅಟ್ಟಿದರು. ವಾರವಿಡೀ ಕರಿಹಲಗೆ ತೇಲುತ್ತಿತ್ತು.

2019ರಲ್ಲಿ ಲಾರ್ಡ್ಸ್ ಟೆಸ್ಟ್ ನೋಡಿದವರಿಗೆ ನೆನಪಿರಬಹುದು. ಕುತ್ತಿಗೆಗೆ ಚೆಂಡು ಬಡಿದ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅವತ್ತೇ ಮತ್ತೆ ಬ್ಯಾಟ್ ಮಾಡಿದರು. ತೊಂದರೆ ಗೊತ್ತಾಗಿದ್ದು ಮರುದಿನ. ಅವರ ಬದಲು ಲಬುಶೇನ್ ಆಡಿದರು.

ಅವಳ ಪರೀಕ್ಷೆ ನೋಡಲು ಸುಲಭ. ನೆಲದ ಮೇಲೆ 3 ಮೀಟರ್ ಟೇಪ್. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ಹೋಗಿ ಬರಬೇಕು. ಆಮೇಲೆ 100ರಿಂದ ಏಳೇಳು ಕಳೆಯುತ್ತಾ ನಡೆಯಬೇಕು. ತಲೆನೋವು ಹೋಯ್ತು, ಈಗ ಆರಾಮ ಅನ್ನುವವರಲ್ಲೂ ಕೆಲವರ ಹೆಜ್ಜೆ ಇಲ್ಲಿ ನಿಧಾನವಾಗುತ್ತದೆ, ಓಲಾಡುತ್ತದೆ.

ಸುಮ್ನೆ ಇರಲಾರದೆ ನಾನು ಹಳ್ಳದ ಸಂಕದ ಮೇಲೆ ಶುರು ಮಾಡಿದೆ. 93, 86... 79ಕ್ಕೆ ಕಾಲು ನಿಂತೇ ಹೋಯಿತು. ಹಿಂದೆ ಅಜ್ಜಿ ಬರುತ್ತಿದ್ದರು. ತಲೆ ಮೇಲೆ ಹುಲ್ಲಿನ ಹೊರೆ, ಬಾಯಲ್ಲಿ ತೋಟಕ್ಕೆ ನುಗ್ಗಿದ ಯಾರದೋ ದನದ ಕಥೆ.

"ದಾರಿ ಬಿಡೋ ಮಾರಾಯ. ಲೆಕ್ಕ ಆಮೇಲೆ ಮಾಡು."

ನಮ್ಮ ಕೂಟದ ಮಕ್ಕಳಲ್ಲಿ ಶನಿವಾರ ಫುಟ್‌ಬಾಲ್ ಆಡುವವರೇ ಜಾಸ್ತಿ, ಅಲ್ವಾ? ಪೆಟ್ಟಾಯಿತೆಂಬ ಅನುಮಾನ ಬಂದರೂ ಅವತ್ತಿನ ಆಟ ಅಲ್ಲಿಗೆ ಮುಗಿಯಬೇಕು ಅನ್ನುತ್ತಾಳೆ ಅವಳು. ವಾಂತಿ ಬಂದರೆ, ತಲೆನೋವು ಏರುತ್ತಾ ಹೋದರೆ ಕೂಡಲೇ ಆಸ್ಪತ್ರೆ. ಇಲ್ಲವಾದರೆ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಮೆಲ್ಲಗೆ ಓಡಾಟ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವ ಪದ್ಧತಿ ಈಗಿಲ್ಲ.

ರಾಜ್ಯೋತ್ಸವದ ದಿನ ಊಟದ ಹಾಲ್‌ನಲ್ಲಿ ಅವಳು ಟೇಪ್ ಅಂಟಿಸುತ್ತಾಳೆ. ಹೋಳಿಗೆಗೆ ಮುಂಚೆಯೇ ಬಂದು ನಡೆದುಬಿಡಿ.