ಮೇಷ್ಟ್ರೇ, ನಿಮ್ಮ ಲಕೋಟೆ ನನ್ನ ಹತ್ತಿರವೇ ಇದೆ

ಹೋದ ಭಾನುವಾರ ನಮ್ಮ ಸಂಜೆ ತರಗತಿಯ ಹುಡುಗ ಮಕ್ಕೋಟ್ ಓದಿ ಮುಗಿಸಿದ. ಯಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮೂಡಿನ ಒಂದು ಸಣ್ಣ ಭಾಗ ಅದು. ಹಾಳೆಯ ಲೆಕ್ಕ ಶುರುವಾಗೋದೇ 2ರಿಂದ, 24ಕ್ಕೆ ಮುಗೀತು. ಒಟ್ಟು 23 ಹಾಳೆ. ದಿನಕ್ಕೊಂದು ಹಾಳೆ ಓದುವ ಯಹೂದಿಗಳು ಲೋಕದ ತುಂಬಾ ಇದ್ದಾರೆ, ಅವರಿಗೆ ಒಂದು ತಿಂಗಳೂ ಹಿಡಿಯೋದಿಲ್ಲ. ಇವನಿಗೆ ಎರಡೂವರೆ ವರ್ಷ ಹಿಡಿಯಿತು.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಯಹೂದಿಗಳೇ ಹೆಚ್ಚಿರುವ ಬರೋ ಪಾರ್ಕ್‌ನಲ್ಲಿ, ಒಂದೆಡೆ ಕೂತು ಓದಲಾಗದ ಹುಡುಗರಿಗೆ ನೆರವಾಗೋದು ನನ್ನ ಕೆಲಸ. ಈ ಹುಡುಗನ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ), ಸಿಟ್ಟು, ಶಾಲೆ ಬಿಡಿಸಿದ್ದು, ಮಾತ್ರೆ ಬದಲಾಯಿಸಿದ್ದು, ಆ ಕಥೆಯೆಲ್ಲ ಮತ್ತೆ ಬೇಡ. "ಬರೀರಿ, ಹೆಸರು ಹಾಕಬೇಡಿ" ಅಂತ ಹುಡುಗನೇ ಹೇಳಿದ್ದಾನೆ. ಇಂಥ ವಿಷಯ ಹೊರಗೆ ಬಿದ್ದರೆ ಅಲ್ಲಿ ಅಕ್ಕತಂಗಿಯರಿಗೆ ಗಂಡು ಸಿಗೋದೂ ಕಷ್ಟ. ನಮ್ಮೂರೇನು ಬೇರೆಯಾ? ಅದಕ್ಕೇ ನಮ್ಮ ಸಂಜೆ ತರಗತಿಗೆ ಬೋರ್ಡೇ ಇಲ್ಲ.

ಅವನ ಅಪ್ಪ ಅಮ್ಮ, ಜೊತೆಗೆ ಓದಿದ ಇಬ್ಬರು ದೊಡ್ಡ ಹುಡುಗರು, ಬೆಳಗಿನ ಹೊತ್ತು ಕೆಲಸ ಕೊಟ್ಟ ಬೇಕರಿಯವರು, ಪ್ರತಿ ಭಾನುವಾರ ಫೋನಿನಲ್ಲಿ ನನ್ನ ಗೋಳು ಕೇಳಿದ ಶಿವಮೊಗ್ಗದ ನನ್ನಮ್ಮ, ಎಲ್ಲರಿಗೂ ಮನಸಾರೆ ನಮಸ್ಕಾರ.

ಇನ್ನು ಮೇಷ್ಟ್ರು. ಹುಡುಗರು ಅವರನ್ನು ರೆಬ್ಬಿ ಅನ್ನುತ್ತಾರೆ. ನನ್ನ ಬಾಯಿಗೆ ಮೇಷ್ಟ್ರು ಅಂತಲೇ ಬರೋದು. ವಯಸ್ಸು 64. ಮೂವತ್ತು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಮಾಡಿ ನಿವೃತ್ತರಾದವರು. ಮೊದಲು ಬಂದಾಗ ನನಗೆ ಅಷ್ಟೇನೂ ಹಿಡಿಸಿರಲಿಲ್ಲ, ನಿಜ ಹೇಳ್ತೀನಿ. ನನ್ನ ಹತ್ತಿರ ಹಿಚುಕುವ ಚೆಂಡು, ಅಲುಗಾಡುವ ಸೀಟು, ಟೈಮರ್ ಎಲ್ಲ ಇತ್ತು. ಇವರು ಒಂದು ಹಳೇ ಶ್ಟೆಂಡರ್ ಹೊತ್ತು ತಂದರು. ನಿಂತು ಓದುವ ಮರದ ಪೀಠ ಅದು. "ಇವನ್ಯಾಕೆ ಕೂರಬೇಕು?" ಅಂದರು. ಅಲ್ಲಿ ಓದೋದೇ ಇಬ್ಬಿಬ್ಬರಾಗಿ, ಗಟ್ಟಿಯಾಗಿ, ಮೈ ತೂಗುತ್ತಾ, ಜಗಳ ಆಡುತ್ತಾ. ಸುಮ್ನೆ ಕೂತ್ಕೋ ಅಂತ ಯಾರೂ ಹೇಳೋದಿಲ್ಲ. ಒಂದು ವರ್ಷ ನಾನು ಅವನನ್ನು ಕೂರಿಸೋಕೆ ಒದ್ದಾಡಿದ್ದೆ!

ನನ್ನ ಪಾಲಿನದು ಒಂದು ರಟ್ಟು, ಅಷ್ಟೇ. ತಾಲ್ಮೂಡಿನ ಪುಟ ನೋಡಿದರೆ ನಿಮಗೂ ತಲೆ ತಿರುಗುತ್ತೆ. ನಡುವೆ ಮೂಲ, ಸುತ್ತ ವ್ಯಾಖ್ಯಾನ. ಸ್ವರದ ಗುರುತಿಲ್ಲ, ಅಲ್ಪವಿರಾಮವಿಲ್ಲ. ತಿಂಡಿ ಡಬ್ಬದ ರಟ್ಟಿನಲ್ಲಿ ಎರಡು ಸಾಲು ಕಾಣುವಷ್ಟು ಕಿಟಕಿ ಕೊರೆದು ಕೊಟ್ಟೆ. ಅವನ ಬೆರಳ ಬೆವರಿಗೆ ಅದರ ಅಂಚು ಮೆತ್ತಗಾಗಿ ಕಪ್ಪಾಗಿದೆ.

ಆ ರಾತ್ರಿ. ಶುಕ್ರವಾರ, ಸಬ್ಬತ್. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಯಹೂದಿಗಳ ವಿಶ್ರಾಂತಿ ದಿನ ಅದು, ಕಟ್ಟುನಿಟ್ಟಿನವರು ಕಾರು, ಫೋನು, ಕರೆಂಟಿನ ಗುಂಡಿ ಮುಟ್ಟೋದಿಲ್ಲ. ಹುಡುಗ ಮನೆ ಬಿಟ್ಟು ಹೋಗಿದ್ದ. ಹೋಗುವಾಗ ಆಡಿದ ಮಾತು ಇಲ್ಲಿ ಬರೆಯಲಾರೆ. ರಾತ್ರಿ ಹನ್ನೊಂದೂವರೆಗೆ ನಮ್ಮನೆ ಬಾಗಿಲು ಯಾರೋ ಕೈಯಲ್ಲಿ ಬಡಿದರು. ಬೆಲ್ ಒತ್ತಿರಲಿಲ್ಲ, ಲಿಫ್ಟ್ ಹತ್ತಿರಲಿಲ್ಲ. ನಾಲ್ಕು ಮಹಡಿ ಏರಿ ಬಂದು ಏದುಸಿರು ಬಿಡುತ್ತಾ ಮೇಷ್ಟ್ರು ನಿಂತಿದ್ದರು. "ಕಾರು ತೆಗಿ" ಅಂದರು. ತಾವೇ ಮೊದಲು ಹತ್ತಿ ಕೂತರು. ಜೀವದ ಪ್ರಶ್ನೆ ಬಂದರೆ ಸಬ್ಬತ್ ಮುರಿಯಬೇಕು, ಅದೂ ಧರ್ಮವೇ. ಆದರೂ ಹುಟ್ಟಿದಾಗಿನಿಂದ ಶುಕ್ರವಾರ ರಾತ್ರಿ ಕಾರು ಮುಟ್ಟದ ಮನುಷ್ಯ. ಸೀಟಿನ ತುದಿಯಲ್ಲಿ, ಎರಡೂ ಕೈ ಮಂಡಿ ಮೇಲೆ ಇಟ್ಟುಕೊಂಡು ಕೂತಿದ್ದರು.

ಊರಿನ ಸ್ವಯಂಸೇವಕರು ಬೇರೆ ಕಡೆ ಹುಡುಕುತ್ತಿದ್ದರು. "ಸಮುದ್ರದ ಹತ್ತಿರ ತಲೆ ಸುಮ್ಮನಾಗುತ್ತೆ" ಅಂತ ಅವನು ಒಮ್ಮೆ ಹೇಳಿದ್ದು ನೆನಪಾಗಿ ನಾವು ಕೋನಿ ಐಲೆಂಡ್‌ಗೆ ಹೋದೆವು. ಎರಡು ಗಂಟೆ ದಾಟಿತ್ತು. ದಂಡೆಯ ಹಲಗೆ ದಾರಿಯಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದ. ಮೇಷ್ಟ್ರು ಬೈಯಲಿಲ್ಲ. ಪಕ್ಕದಲ್ಲಿ ಕೂತರು. ಅವನ ಮನೆಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ, ಎತ್ತೋದಿಲ್ಲ ಅಂತ ಗೊತ್ತಿತ್ತು. ಸಿಕ್ಕಿದ, ಚೆನ್ನಾಗಿದ್ದಾನೆ ಅಂತ ಆನ್ಸರಿಂಗ್ ಮೆಷಿನ್‌ಗೆ ಹೇಳಿದೆ. ಅದು ಮನೆಯೊಳಗೆ ಗಟ್ಟಿಯಾಗಿ ಕೇಳಿಸುತ್ತೆ.

ವಾಪಸ್ ಹೋಗೋಕೆ ಹುಡುಗ ಕಾರು ಹತ್ತಲಿಲ್ಲ. "ಇವತ್ತು ಸಬ್ಬತ್" ಅಂದ. ನನಗೆ ಅಳು ಬಂತು. ಮೇಷ್ಟ್ರು ಕೋಟು ಸರಿಮಾಡಿಕೊಂಡು ಎದ್ದರು. ಮೇಲೆ ಓಡುವ ಡಿ ರೈಲಿನ ಕಂಬಗಳ ಕೆಳಗೆ ಏಳೆಂಟು ಕಿಲೋಮೀಟರ್ ಮೂವರೂ ನಡೆದೆವು. ಅರ್ಧ ದಾರಿಯಲ್ಲಿ ಮೇಷ್ಟ್ರು ಅಂದರು: "ನಿನ್ನಂಥ ಹುಡುಗರನ್ನ ಎಷ್ಟೋ ಸಲ ಬಾಗಿಲ ಹೊರಗೆ ನಿಲ್ಲಿಸಿದೀನಿ. ಮುಖ ನೆನಪಿದೆ, ಹೆಸರು ಮರೆತಿದೆ."

ಹುಡುಗ ಕೇಳಿದ, "ಆಮೇಲೆ ಒಳಗೆ ಕರೀತಿದ್ರಾ?"

"ಗಂಟೆ ಹೊಡೆದ ಮೇಲೆ."

ನಾನು ಏನೂ ಮಾತಾಡಲಿಲ್ಲ. ಅದೇ ಹುಡುಗನ ಫೈಲಿನಲ್ಲಿ ನನ್ನ ಅಕ್ಷರದಲ್ಲೇ ಮೂರು ಕಡೆ 'ಸಹಕರಿಸುವುದಿಲ್ಲ' ಅಂತ ಇತ್ತು.

ಇನ್ನು ಭಾನುವಾರದ ವಿಷಯ. ಕೊನೆಯ ಹಾಳೆಯಲ್ಲಿ ಒಂದು ಕಥೆ ಇದೆ. ಜೆರುಸಲೇಮಿನ ಪಾಳುಬಿದ್ದ ದೇವಾಲಯದಿಂದ ನರಿಯೊಂದು ಹೊರಗೆ ಬರುತ್ತೆ. ನೋಡಿದವರೆಲ್ಲ ಅಳುತ್ತಾರೆ, ಹಳೇ ಕಾಲದ ಪಂಡಿತ ರಬ್ಬಿ ಅಕಿವ ಒಬ್ಬರೇ ನಗುತ್ತಾರೆ. ನಮ್ಮವನು ಆ ಸಾಲು ಬರೋಕೆ ಮುಂಚೆಯೇ ನಕ್ಕುಬಿಟ್ಟ. ನಗು ತಡೆದುಕೊಂಡು ಓದುವಷ್ಟರಲ್ಲಿ ಎರಡು ಸಲ ತಪ್ಪಿದ. ಮುಗಿದ ಮೇಲೆ ಆ ಪುಸ್ತಕಕ್ಕೇ ಹೇಳುವ ಮಾತೊಂದಿದೆ: ಮತ್ತೆ ನಿನ್ನ ಹತ್ತಿರ ಬರ್ತೀವಿ, ನೀನೂ ನಮ್ಮ ಹತ್ತಿರ ಬಾ. ಅದನ್ನು ಮಾತ್ರ ತಪ್ಪಿಲ್ಲದೆ ಹೇಳಿದ.

ಕೇಕ್ ತಿನ್ನುವಾಗ ಮೇಷ್ಟ್ರು ನನ್ನ ಜೇಬಿಗೆ ಒಂದು ಲಕೋಟೆ ತುರುಕಿದರು. ಅವತ್ತು ಸಮುದ್ರದ ಹತ್ತಿರ ಬಿಟ್ಟು ಬಂದ ಕಾರಿಗೆ ಬಿದ್ದ ಪಾರ್ಕಿಂಗ್ ದಂಡದಲ್ಲಿ ಅರ್ಧ ತಮ್ಮದಂತೆ.

ಮೇಷ್ಟ್ರೇ, ನಿಮಗೆ ಕನ್ನಡ ಬರೋದಿಲ್ಲ, ಯಾರಾದರೂ ಓದಿ ಹೇಳಲಿ. ಮುಂದಿನ ಪುಸ್ತಕಕ್ಕೆ ಹೊಸ ರಟ್ಟು ಕತ್ತರಿಸಿದೀನಿ. ಬುಧವಾರ ತರ್ತೀನಿ, ಲಕೋಟೆನೂ ಅದರ ಜೊತೆಗೇ.